ಶನಿವಾರದ ಒಂದು ಕೊಠಡಿ

11, 111, 1111... ಹೀಗೇ ಒಂದರ ಪಕ್ಕ ಒಂದು ಬರೆಯುತ್ತ ಹೋದರೆ ಎಲ್ಲಾದರೂ ಪೂರ್ಣವರ್ಗ ಸಂಖ್ಯೆ ಸಿಕ್ಕೀತೇ? ಗಣಿತ ಒಲಿಂಪಿಯಾಡ್‌ಗೆ ಓದುವ ಮಕ್ಕಳು ಇಂಥದೊಂದು ಪ್ರಶ್ನೆಗೆ ಇಡೀ ಸಂಜೆ ಕೊಡುತ್ತಾರೆ. ಬರೆದು, ಹೊಡೆದುಹಾಕಿ, ಹಾಳೆ ತುಂಬಿದ ಮೇಲೆ ಥಟ್ಟನೆ ಹೊಳೆಯುತ್ತದೆ: ಇವುಗಳಲ್ಲಿ ಯಾವುದನ್ನೇ 4ರಿಂದ ಭಾಗಿಸಿದರೂ ಶೇಷ 3, ವರ್ಗ ಸಂಖ್ಯೆಗಾದರೆ 0 ಇಲ್ಲವೇ 1. ಮುಗಿಯಿತು! ಆ ಕ್ಷಣದ ಸಂತೋಷವನ್ನು ಯಾವ ಗೈಡೂ ಕೊಡಲಾರದು.

ಈ ಒಲಿಂಪಿಯಾಡ್‌ನ ಮೊದಲ ಹಂತದ ಅರ್ಹತಾ ಪರೀಕ್ಷೆ ಐಒಕ್ಯುಎಂನಲ್ಲಿ 3 ಗಂಟೆಗೆ 30 ಪ್ರಶ್ನೆ. ಗೆದ್ದವರಿಗೆ ಪ್ರಾದೇಶಿಕ ಹಂತದಲ್ಲಿ ಅಷ್ಟೇ ಹೊತ್ತಿಗೆ ಬರೀ 6; ಆದರೆ ಪ್ರತಿಯೊಂದಕ್ಕೂ ಪೂರ್ತಿ ಸಾಧನೆ ಬರೆಯಬೇಕು. ಸೂತ್ರ ಉರುಹೊಡೆದದ್ದು ಅಲ್ಲಿ ಕೈಹಿಡಿಯದು.

ಈ ತಯಾರಿ ದುಬಾರಿ ಕೋಚಿಂಗ್‌ ಶುಲ್ಕ ಕಟ್ಟಬಲ್ಲವರ ಸ್ವತ್ತಾಗುತ್ತಿರುವುದು ನಮಗೆ ನೋವಿನ ಸಂಗತಿ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿಯೇ ಸಿಗುತ್ತವೆ. ತಾಲ್ಲೂಕಿಗೊಂದು ಸರ್ಕಾರಿ ಪ್ರೌಢಶಾಲೆ ಶನಿವಾರ ಮಧ್ಯಾಹ್ನ ಒಂದು ಕೊಠಡಿಯ ಬೀಗ ತೆಗೆಯಲಿ. ಉತ್ತರ ಹೇಳಲು ಅವಸರಪಡದ ಒಬ್ಬ ಮೇಷ್ಟ್ರು ಅಲ್ಲಿರಲಿ. ಮೇಷ್ಟ್ರ ಆ ಹೊತ್ತಿಗೆ ಇಲಾಖೆ ಗೌರವಧನ ಕೊಡಲಿ. ಮೊದಲ ಹಂತದ ಪರೀಕ್ಷೆ ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್‌ಗೆ ಬರುತ್ತಿದೆ. ಕೊಠಡಿ ಜೂನ್‌ನಲ್ಲೇ ತೆರೆಯಬೇಕು.