ಬರೆಯುವ ಮಕ್ಕಳಿಗೊಂದು ಪುಟ

ಫಲಿತಾಂಶದ ದಿನ ಮಕ್ಕಳ ಅಂಕಗಳನ್ನು ಬ್ಯಾನರಿನಲ್ಲಿ ಪ್ರದರ್ಶಿಸುವ ವಿದ್ಯಾಸಂಸ್ಥೆಗಳಿಗೆ ಆರ್.ಟಿ. ನಗರದಿಂದ ಯಲಹಂಕದವರೆಗೆ ಕೊರತೆಯಿಲ್ಲ. ಆದರೆ ಅದೇ ಮಕ್ಕಳು ಸ್ವಂತವಾಗಿ ಚಿಂತಿಸಿ ಬರೆದ ಒಂದು ಪ್ರಬಂಧವನ್ನೋ ಕಥೆಯನ್ನೋ ಸಾರ್ವಜನಿಕರ ಮುಂದಿಡುವ ಸಂಸ್ಥೆಗಳೆಷ್ಟು? ವಾರ್ಷಿಕ ಸಂಚಿಕೆಯೇನೋ ಹೊರಬರುತ್ತದೆ. ಆಡಳಿತ ಮಂಡಳಿಯ ಭಾವಚಿತ್ರಗಳು ಮುಗಿದ ಬಳಿಕ ಉಳಿಯುವ ಪುಟಗಳನ್ನು ಎಲ್ಲಿಂದಲೋ ನಕಲು ಮಾಡಿದ ಸುಭಾಷಿತ, ನಗೆಹನಿಗಳು ತುಂಬಿರುತ್ತವೆ.

ಇದೇ ಬೆಂಗಳೂರಿನ ಕ್ರೈಸ್ಟ್ ಕಾಲೇಜು ಕೂಡ ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಯೇ. ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು (1942–2007) ಅವರು ಕನ್ನಡ ಸಂಘವನ್ನು ಬೆಳೆಸಿ, ಬೇಂದ್ರೆಯವರ ಹೆಸರಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ ನಡೆಸಿದರು. ಬಹುಮಾನ ಹಂಚಿ ಕೈತೊಳೆದುಕೊಳ್ಳದೆ, ಆಯ್ದ ವಿದ್ಯಾರ್ಥಿ ಬರಹಗಳನ್ನು ಪುಸ್ತಕವಾಗಿ ಮುದ್ರಿಸಿದರು. ಇಂದು ಹೆಸರಾಂತರಾಗಿರುವ ಹಲವು ಲೇಖಕರು ಆ ಪುಟಗಳನ್ನು ಹಾದು ಬಂದವರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಸಾಹಿತ್ಯವೇಕೆ ಎನ್ನುವವರು ಕೆ.ಎಸ್. ನಿಸಾರ್ ಅಹಮದ್ ಅವರನ್ನು ನೆನೆಯಬೇಕು. ಯಲಹಂಕದಾಚೆಯ ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಅವರು ಓದಿದ್ದೂ ಕಲಿಸಿದ್ದೂ ಭೂವಿಜ್ಞಾನವನ್ನು.

ವಿಶ್ಲೇಷಣೆಯ ವಿಷಯದಲ್ಲಂತೂ ನಮ್ಮ ಬಡತನ ಇನ್ನೂ ದೊಡ್ಡದು. 2022ರ ಹಿಜಾಬ್ ವಿವಾದದ ದಿನಗಳಲ್ಲಿ ರಾಜಕಾರಣಿಗಳು, ವಕೀಲರು, ಧರ್ಮಗುರುಗಳು ಎಲ್ಲರೂ ಮಾತನಾಡಿದರು. ವಿದ್ಯಾರ್ಥಿನಿಯರ ಪಾಲಿಗೆ ದೊರೆತದ್ದು ಕ್ಯಾಮರಾದ ಮುಂದಿನ ಎರಡು ವಾಕ್ಯ. ಮಾರ್ಚ್ 15ರಂದು ಹೈಕೋರ್ಟ್ ನೀಡಿದ ತೀರ್ಪಿನ ತರ್ಕವೇನು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತದ್ದೇಕೆ ಎಂಬುದನ್ನು ಕನ್ನಡದಲ್ಲಿ ವಿವೇಚಿಸಿ ಬರೆಯಬಲ್ಲವರು ಅವರಲ್ಲಿರಲಿಲ್ಲವೇ? ಖಂಡಿತ ಇದ್ದರು. ಬರೆಯಿಸಿ, ತಿದ್ದಿ, ಮುದ್ರಿಸುವವರು ವಿರಳವಾಗಿದ್ದರು.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಸಂಭ್ರಮಿಸಿದ ಮನೆಗಳಲ್ಲೇ, ಮಗಳು ಮನೆಯ ಅನ್ಯಾಯವೊಂದನ್ನು ಕಥೆಯಾಗಿಸಿದರೆ ಹುಬ್ಬುಗಳು ಗಂಟಿಕ್ಕುತ್ತವೆ. ಇದನ್ನು ಕಾಲೇಜಿನ ತಲೆಗೆ ಕಟ್ಟುವಂತಿಲ್ಲ.

ಹೆಬ್ಬಾಳ, ಯಶವಂತಪುರ ಆಸುಪಾಸಿನ ಕಾಲೇಜುಗಳು ಗೋಡೆಯ ಮೇಲಿನ ಒಂದು ಫಲಕದಿಂದಲೇ ಆರಂಭಿಸಬಹುದು. ತಿಂಗಳಿಗೆ ಎರಡು ವಿಶ್ಲೇಷಣೆ, ಒಂದು ಕಥೆ ಸಾಕು. ನಕಲು ಬರಹಕ್ಕೆ ಅಲ್ಲಿ ಸ್ಥಾನವಿರಬಾರದು. ತಿದ್ದಿಕೊಡುವ ಅಧ್ಯಾಪಕರಿಗೆ ವಾರಕ್ಕೊಂದು ಗಂಟೆ ಬಿಡುವು ಕೊಡಬೇಕು. ಪೋಷಕರ ಸಭೆಗೆ ಹೋಗುವ ಹೆತ್ತವರು ಹಾಜರಾತಿ ಮತ್ತು ಅಂಕಗಳನ್ನು ವಿಚಾರಿಸಿದ ಮೇಲೆ, ಆ ಫಲಕ ಎಲ್ಲಿದೆಯೆಂದೂ ಕೇಳಲಿ.