ಆರ್ಯಮೌನ ಮತ್ತು ಮೂಕವ್ರತ

ಭದ್ರಾ ನದಿಯ ದಡದ ಹೊಳೆಹೊನ್ನೂರು ಉತ್ತರಾದಿ ಮಠದ ಶ್ರೀ ಸತ್ಯಧರ್ಮತೀರ್ಥರ ಬೃಂದಾವನದಿಂದ ಹೆಸರಾದ ಊರು. ಅಲ್ಲಿಂದ ಕೆಲವೇ ಮೈಲಿ ದೂರದ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರುತ್ತವೆ. ಆ ಸಂಗಮದಲ್ಲಿ ಅದ್ವೈತಿಗಳ ಮಠವೂ ಇದೆ, ಅಕ್ಷೋಭ್ಯತೀರ್ಥರ ಪರಂಪರೆಯ ದ್ವೈತ ಮಠವೂ ಇದೆ. ವೇದಾಂತಿಗಳ ಈ ನೆರೆಹೊರೆಯಲ್ಲಿ ‘ಬೌದ್ಧ’ ಎಂಬ ಮಾತು ಬಹುಕಾಲ ಉಳಿದುಬಂದದ್ದು ಒಂದು ಆಕ್ಷೇಪಣೆಯ ರೂಪದಲ್ಲಿ ಮಾತ್ರ. ಮಾಯಾವಾದಿಯನ್ನು ‘ಪ್ರಚ್ಛನ್ನ ಬೌದ್ಧ’ನೆಂದು ಕರೆಯುವಾಗ ನಿಜವಾದ ಬೌದ್ಧನೊಬ್ಬ ಎದುರಿಗೆ ಇರಬೇಕಾದ ಅಗತ್ಯವಿರಲಿಲ್ಲ. ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ 1065ರಲ್ಲಿ ಚಾಲುಕ್ಯ ದಂಡನಾಯಕ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿ ದತ್ತಿ ಬಿಟ್ಟಿದ್ದನೆಂಬುದು ಶಾಸನದಲ್ಲಿ ಉಳಿಯಿತೇ ಹೊರತು ಜನರ ನೆನಪಿನಲ್ಲಿ ಉಳಿಯಲಿಲ್ಲ.

ಈಗ ಇಂಥ ಊರುಗಳಿಂದಲೇ ಅಧ್ಯಾಪಕರು, ಬ್ಯಾಂಕಿನ ನೌಕರರು, ನಿವೃತ್ತರು ಹತ್ತು ದಿನದ ರಜೆ ಹೊಂದಿಸಿಕೊಂಡು ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ‘ಧಮ್ಮ ಪಫುಲ್ಲ’ಕ್ಕೋ ಮಹಾರಾಷ್ಟ್ರದ ಇಗತ್‌ಪುರಿಗೋ ವಿಪಶ್ಯನಾ ಶಿಬಿರಕ್ಕೆ ಹೋಗಿಬರುತ್ತಾರೆ. ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು ತಮ್ಮ ಗುರು ಸಯಾಜಿ ಊ ಬಾ ಖಿನ್ ಅವರಿಂದ ಕಲಿತದ್ದನ್ನು 1969ರಲ್ಲಿ ಭಾರತಕ್ಕೆ ತಂದರು. ಶಿಬಿರದ ನಿಯಮಗಳು ಈಗ ಬಹಳ ಜನರಿಗೆ ಗೊತ್ತು. ಬೆಳಗಿನ ನಾಲ್ಕಕ್ಕೆ ಗಂಟೆ. ಮೊದಲ ಮೂರು ದಿನ ಉಸಿರಿನ ಮೇಲೆ ಮಾತ್ರ ಗಮನ, ಅಂದರೆ ಆನಾಪಾನ. ನಾಲ್ಕನೆಯ ದಿನದಿಂದ ವಿಪಶ್ಯನಾ. ಫೋನಿಲ್ಲ, ಪುಸ್ತಕವಿಲ್ಲ, ಬರೆಯಲು ಕಾಗದವಿಲ್ಲ. ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದ ನಡೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಆರ್ಯಮೌನ: ಮಾತು ಮಾತ್ರವಲ್ಲ, ಸನ್ನೆಯೂ ಕೂಡದು.

ಹಿಂದಿರುಗಿದವರ ಬರಹಗಳಲ್ಲಿ ಹೆಚ್ಚಿನವು ಈ ಮೌನವನ್ನೇ ಕೊಂಡಾಡುತ್ತವೆ. ಮಾತಿನ ಗದ್ದಲದಿಂದ ಬಿಡುಗಡೆ, ಮೊಬೈಲಿನಿಂದ ಬಿಡುಗಡೆ, ಬುದ್ಧನೆಂದರೆ ಮೌನ ಎಂಬ ಧಾಟಿ ಅವುಗಳದು. (ಬರವಣಿಗೆಯನ್ನು ನಿಷೇಧಿಸಿದ ಹತ್ತು ದಿನಗಳು ಇಷ್ಟೊಂದು ಬರವಣಿಗೆಗೆ ಕಾರಣವಾದದ್ದು ಸ್ವಾರಸ್ಯಕರ.) ಸಾಧಕನಿಗೆ ದೊರೆತ ನೆಮ್ಮದಿಯನ್ನು ಪ್ರಶ್ನಿಸಬೇಕಾಗಿಲ್ಲ. ಆದರೆ ಆ ಕೊನೆಯ ಸಮೀಕರಣವನ್ನು ಸಾಹಿತ್ಯದ ವಿದ್ಯಾರ್ಥಿ ಹಾಗೆಯೇ ಒಪ್ಪಿಕೊಳ್ಳಲಾಗದು. ಪಾಲಿ ವಿನಯಪಿಟಕ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ.

ಮಹಾವಗ್ಗದಲ್ಲಿ ಎರಡು ಪ್ರಸಂಗಗಳಿವೆ. ಮೊದಲನೆಯದು ಉಪೋಸಥದ ಹುಟ್ಟಿಗೆ ಸಂಬಂಧಿಸಿದ್ದು. ಅನ್ಯತೀರ್ಥಿಕರು ಪಕ್ಷದ ಗೊತ್ತಾದ ತಿಥಿಗಳಲ್ಲಿ ಸೇರಿ ಧರ್ಮ ಹೇಳುತ್ತಾರೆ, ಜನ ಅವರತ್ತ ಒಲಿಯುತ್ತಾರೆ, ಬೌದ್ಧ ಸಂಘವೂ ಹಾಗೆ ಸೇರಬಾರದೇಕೆ ಎಂದು ಮಗಧದ ಬಿಂಬಿಸಾರ ಸೂಚಿಸುತ್ತಾನೆ. ಬುದ್ಧ ಒಪ್ಪುತ್ತಾನೆ. ಭಿಕ್ಷುಗಳು ಸೇರುತ್ತಾರೆ, ಆದರೆ ಸುಮ್ಮನೆ ಕುಳಿತುಬಿಡುತ್ತಾರೆ. ಧರ್ಮ ಕೇಳಲು ಬಂದ ಜನ ಸಿಟ್ಟಾಗಿ, ಇವರು ಮೂಕ ಹಂದಿಗಳಂತೆ ಕುಳಿತಿದ್ದಾರೆಂದು ಗೊಣಗುತ್ತಾರೆ. ಆಗ ಬುದ್ಧ, ಸೇರಿದಾಗ ಧರ್ಮವನ್ನು ನುಡಿಯಬೇಕೆಂದು ವಿಧಿಸುತ್ತಾನೆ.

ಎರಡನೆಯದು ಇನ್ನೂ ಖಚಿತ. ಕೋಸಲದಲ್ಲಿ ಕೆಲವು ಭಿಕ್ಷುಗಳು ಒಟ್ಟಿಗೆ ಮಳೆಗಾಲ ಕಳೆಯುವಾಗ ಜಗಳವಿಲ್ಲದೆ ಇರಲು ಪರಸ್ಪರ ಮಾತನ್ನೇ ಬಿಡಲು ಒಪ್ಪಂದ ಮಾಡಿಕೊಳ್ಳುತ್ತಾರೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸುವುದು, ಕೊನೆಗೆ ಬಂದವನು ಗುಡಿಸುವುದು, ನೀರಿನ ಕೊಡ ಎತ್ತಲು ಇನ್ನೊಬ್ಬ ಬೇಕಾದರೆ ಕೈಸನ್ನೆ. ಮೂರು ತಿಂಗಳು ಮುಗಿಸಿ ಶ್ರಾವಸ್ತಿಗೆ ಬಂದು ಸುಖವಾಗಿದ್ದೆವೆಂದು ನಿವೇದಿಸಿದಾಗ ಬುದ್ಧ ಮೆಚ್ಚುವುದಿಲ್ಲ. ಪಶುಗಳ ಹಾಗೆ, ಕುರಿಗಳ ಹಾಗೆ ಒಂದೆಡೆ ಇದ್ದು ಅದನ್ನೇ ಸುಖವೆನ್ನುತ್ತಿದ್ದಾರೆಂದು ಖಂಡಿಸುತ್ತಾನೆ. ‘ಮೂಗಬ್ಬತ’, ಅಂದರೆ ಮೂಕವ್ರತ, ಅನ್ಯತೀರ್ಥಿಕರದೆಂದು ನಿಷೇಧಿಸುತ್ತಾನೆ. ಅದರ ಸ್ಥಾನದಲ್ಲಿ ಬಂದದ್ದು ಪವಾರಣೆ: ವರ್ಷಾವಾಸದ ಕೊನೆಗೆ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕುಳಿತು, ತನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ದೋಷವನ್ನು ಹೇಳಿರೆಂದು ಬೇಡುವುದು.

ಇದೇ ದಿನಚರಿಯಲ್ಲಿ, ಇದೇ ಕೈಸನ್ನೆಯ ಏರ್ಪಾಡಿನಲ್ಲಿ ಬಾಳಿದ ಅನುರುದ್ಧ ಮತ್ತು ಅವನ ಇಬ್ಬರು ಸಂಗಾತಿಗಳನ್ನು ಬುದ್ಧ ಹೊಗಳಿದ್ದೂ ಉಂಟು. ಮಜ್ಝಿಮ ನಿಕಾಯ ಅದನ್ನು ಹೇಳುತ್ತದೆ. ಒಂದನ್ನು ಮೆಚ್ಚಿ ಇನ್ನೊಂದನ್ನು ಜರೆದದ್ದೇಕೆ? ಅನುರುದ್ಧನ ಗುಂಪು ಐದು ದಿನಕ್ಕೊಮ್ಮೆ ಇಡೀ ರಾತ್ರಿ ಧರ್ಮಕಥನದಲ್ಲಿ ಕುಳಿತಿರುತ್ತಿತ್ತು. ವ್ಯತ್ಯಾಸ ಅಷ್ಟೇ, ಅದೇ ಎಲ್ಲವೂ. ಸೇರಿದವರಿಗೆ ತಕ್ಕದ್ದು ಎರಡೇ, ಧರ್ಮದ ಮಾತು ಅಥವಾ ಆರ್ಯಮೌನ, ಎಂಬ ಬುದ್ಧನ ನಿಲುವಿನಲ್ಲೂ ಮಾತೇ ಮೊದಲು ಬರುತ್ತದೆ. ಸಂಯುತ್ತ ನಿಕಾಯವಂತೂ ಆರ್ಯಮೌನವನ್ನು ವಿತರ್ಕ ವಿಚಾರಗಳಡಗಿದ ಎರಡನೆಯ ಧ್ಯಾನದ ಸ್ಥಿತಿಯೆಂದು ಅರ್ಥೈಸುತ್ತದೆ. ಬಾಯಿ ಮುಚ್ಚಿದ ಮಾತ್ರಕ್ಕೆ ಅದು ಒದಗುವುದಿಲ್ಲ.

ಮೂಕವ್ರತದ ಆ ಅನ್ಯತೀರ್ಥಿಕರು ಯಾರು? ನಿರ್ಗ್ರಂಥರೇ ಎಂದು ಥಟ್ಟನೆ ಹೇಳುವುದು ಅವಸರ. ಜೈನಾಚಾರದಲ್ಲಿ ವಚನಗುಪ್ತಿಯ ಪಕ್ಕದಲ್ಲೇ ಭಾಷಾಸಮಿತಿ ಇದೆ: ಮಾತನ್ನು ತಡೆಯುವುದು ಎಷ್ಟು ಸಾಧನೆಯೋ ಹಿತವಾಗಿ, ಮಿತವಾಗಿ, ನಿಸ್ಸಂದಿಗ್ಧವಾಗಿ ಆಡುವುದೂ ಅಷ್ಟೇ ಸಾಧನೆ. ದಿಗಂಬರ ಪರಂಪರೆಯ ಪ್ರಕಾರ ಕೇವಲಜ್ಞಾನವಾದ ಬಳಿಕ ಮಹಾವೀರನ ದಿವ್ಯಧ್ವನಿ 66 ದಿನ ಹೊಮ್ಮಲಿಲ್ಲ. ಇಂದ್ರಭೂತಿ ಗೌತಮನಂಥ ಗಣಧರ ದೊರೆತ ಮೇಲೆಯೇ ವಿಪುಲಾಚಲದಲ್ಲಿ ಹೊಮ್ಮಿತು. ಬೋಧಿಯ ನಂತರ ಬುದ್ಧನೂ ಹಿಂಜರಿದ. ಬ್ರಹ್ಮ ಸಹಂಪತಿ ಬೇಡಬೇಕಾಯಿತು. ಎರಡೂ ಕಥೆಗಳಲ್ಲಿ ಮೌನ ಮುಗಿಯುವುದು ಕೇಳುವವನಿಂದ.

ಕನ್ನಡ ನಾಡಿನ ಜೈನ ನೆನಪಿನಲ್ಲಿ ಬೌದ್ಧ ಮೌನಿಯೇ ಅಲ್ಲ, ಮಾತಿನ ಮಲ್ಲ. ಹಿಮಶೀತಳನ ಆಸ್ಥಾನದಲ್ಲಿ ಅಕಲಂಕನು ಬೌದ್ಧರನ್ನು ವಾದದಲ್ಲಿ ಗೆದ್ದ ಕಥೆಯಲ್ಲಿ ಅವರ ಪರವಾಗಿ ಗಡಿಗೆಯೊಳಗೆ ಕುಳಿತ ತಾರಾದೇವಿಯೇ ವಾದಿಸುತ್ತಾಳೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯಲ್ಲೇ ಆ ಗಡಿಗೆಯ ಉಲ್ಲೇಖವಿದೆ. ಕಥೆ ಪಕ್ಷಪಾತದ್ದು, ನಿಜ. ಆದರೂ ಎದುರಾಳಿಯನ್ನು ಮಾತನಾಡುವವನೆಂದು, ತರ್ಕಿಸಬಲ್ಲವನೆಂದು ಅದು ಒಪ್ಪುತ್ತದೆ. ಶತಮಾನಗಳ ನಂತರ ಬರ್ಮಾದ ದಾರಿಯಿಂದ ಮರಳಿದ ಬೌದ್ಧನನ್ನು ಇಂದಿನ ಮೆಚ್ಚುಗೆ ಮೂಕನನ್ನಾಗಿ ಮಾಡುತ್ತಿದೆ. ಹಳೆಯ ಹಗೆತನಕ್ಕಿಂತ ಈ ಮೆಚ್ಚುಗೆ ಅವನಿಗೆ ಹೆಚ್ಚು ಅನ್ಯಾಯ ಮಾಡುತ್ತದೆಯೆಂದರೆ ಅತಿಶಯೋಕ್ತಿಯಲ್ಲ.

ಶಿಬಿರದ ಮೇಲೆ ಈ ದೋಷವನ್ನು ಹೊರಿಸಬೇಕಾಗಿಲ್ಲ. ಅಲ್ಲಿ ಪ್ರತಿ ಸಂಜೆ ಪ್ರವಚನವಿದೆ, ಸಂದೇಹಗಳನ್ನು ಆಚಾರ್ಯರಲ್ಲಿ ಕೇಳಲು ಅವಕಾಶವಿದೆ. ಹತ್ತನೆಯ ದಿನ ಮೈತ್ರಿಭಾವನೆಯ ನಂತರ ಮೌನ ಬಿಡುತ್ತದೆ; ಸಾಧಕರು ಅಕ್ಕಪಕ್ಕದವರೊಡನೆ ಮೊದಲ ಬಾರಿಗೆ ಮಾತನಾಡುತ್ತಾರೆ. ಅನುರುದ್ಧನ ಏರ್ಪಾಡಿಗೆ ಇದು ಹತ್ತಿರ. ಒಂಬತ್ತು ದಿನ ಪರಸ್ಪರ ಸಂವಾದವಿಲ್ಲವೆಂಬಷ್ಟರ ಮಟ್ಟಿಗೆ ದೂರ. ಕೊರತೆಯಿರುವುದು ಓದುಗರಲ್ಲಿ, ಬರೆಯುವವರಲ್ಲಿ. ಒಂಬತ್ತು ದಿನಗಳನ್ನು ಗಂಟೆಗಂಟೆಯಾಗಿ ವರ್ಣಿಸುವ ಲೇಖನಗಳು ಹತ್ತನೆಯ ದಿನವನ್ನು ಒಂದು ವಾಕ್ಯದಲ್ಲಿ ದಾಟುತ್ತವೆ.

ಕನ್ನಡಕ್ಕೆ ಈ ಮಾತಿನ ಪರಂಪರೆಯನ್ನು ತಂದುಕೊಡಲು ಶ್ರಮಿಸಿದವರಿದ್ದಾರೆ. ಜಿ.ಪಿ. ರಾಜರತ್ನಂ ಅವರು ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಿಸಿದರು, ಜೈನ ವಿಷಯಗಳ ಮೇಲೂ ಬರೆದರು. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದ ಬೆಂಗಳೂರಿನ ಮಹಾಬೋಧಿ ಸೊಸೈಟಿ ತಿಪಿಟಕದ ಗ್ರಂಥಗಳನ್ನು ಕನ್ನಡದಲ್ಲಿ ಹೊರತಂದಿತು. ಕನ್ನಡ ಎಂ.ಎ. ತರಗತಿಯಲ್ಲಿ ಅವನ್ನು ತೆರೆದು ನೋಡುವವರು ವಿರಳ. ಪಂಪ, ಪೊನ್ನ, ರನ್ನರನ್ನು ಓದುವ ವಿದ್ಯಾರ್ಥಿಗೆ ಬೌದ್ಧ ಪೂರ್ವಪಕ್ಷ ಜೈನ ಗ್ರಂಥಗಳ ಮೂಲಕವೇ ಸಿಗುತ್ತದೆ, ಅಂದರೆ ಸೋತ ಮೇಲೆ ಸಿಗುತ್ತದೆ. ಮಹಾವಗ್ಗದ ಉಪೋಸಥ ಮತ್ತು ಪವಾರಣೆಯ ಅಧ್ಯಾಯಗಳನ್ನು ಅವನು ನೇರವಾಗಿ ಓದಿದರೆ ಸಮೀಪದ ಇನ್ನೊಂದು ಆಚರಣೆ ನೆನಪಾಗದಿರದು. ದಿಗಂಬರರ ದಶಲಕ್ಷಣ ಪರ್ವವೂ ಹತ್ತು ದಿನ, ಅದೂ ಮಳೆಗಾಲದಲ್ಲಿ. ಅದರ ಬಳಿಕ ಬರುವ ಕ್ಷಮಾವಣಿಯಂದು ಜನರು ಒಬ್ಬರನ್ನೊಬ್ಬರು ಕಂಡು, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಬಾಯಿಬಿಟ್ಟು ಕ್ಷಮೆ ಕೇಳುತ್ತಾರೆ. ಪವಾರಣೆಯ ಭಿಕ್ಷು ಕ್ಷಮೆಯನ್ನು ಬೇಡುವುದಿಲ್ಲ. ತನ್ನ ತಪ್ಪು ಯಾವುದೆಂದು ಹೇಳಿರೆಂದು ಬೇಡುತ್ತಾನೆ. ಈ ಎರಡರ ತುಲನೆ ಕನ್ನಡದಲ್ಲಿ ಒಂದು ಸಂಶೋಧನ ಪ್ರಬಂಧಕ್ಕೆ ಸಾಕಾಗುವಷ್ಟು ದೊಡ್ಡ ವಿಷಯ.