ಬೇಲಿ ಇಲ್ಲ ಎಂದರೆ ಅಪಾಯವೂ ಇಲ್ಲವೇ? ಇಂಗ್ಲೆಂಡಿನ ಬಿಳಿ ಬಂಡೆಯಂಚಿನ ಫೋಟೋಗಳ ಅಸಲಿಯತ್ತು

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಓದುತ್ತಿರುವ ಮನೆಗಳು ಈಗ ನಂಜನಗೂಡು, ತಿ. ನರಸೀಪುರದಲ್ಲೂ ಇವೆ. ಅಂಥ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದಲ್ಲ ಒಂದು ದಿನ ಬರುವ ಫೋಟೋ ಇದು: ಹಸಿರು ಹುಲ್ಲು, ಅದರಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಗೆಳೆಯರು, ಕೆಳಗೆ ಹಾಲು ಬಿಳುಪಿನ ಬಂಡೆ, ಸಮುದ್ರ. ಜಾಗ ಸಾಮಾನ್ಯವಾಗಿ ಸಸೆಕ್ಸ್ ಕರಾವಳಿಯ ಸೆವೆನ್ ಸಿಸ್ಟರ್ಸ್. ಲಂಡನ್ನಿನಲ್ಲಿ ಬೆಳಗ್ಗೆ ರೈಲು ಹತ್ತಿದರೆ ರಾತ್ರಿ ಊಟಕ್ಕೆ ವಾಪಸ್. ಮನೆಯವರು ಹೆದರಿದರೆ ಉತ್ತರ ಸಿದ್ಧ: "ಅಲ್ಲಿ ಬೇಲಿಯೇ ಇಲ್ಲಮ್ಮ, ಅಪಾಯ ಇದ್ದಿದ್ರೆ ಹಾಕ್ತಿರಲಿಲ್ವಾ?"

ಬೇಲಿ ಇಲ್ಲದಿರಲು ಒಂದು ಮುಖ್ಯ ಕಾರಣ ಬೇರೆಯೇ. ಆ ಅಂಚು ವರ್ಷಕ್ಕೆ ಸರಾಸರಿ 30ರಿಂದ 40 ಸೆಂ.ಮೀ. ಹಿಂದೆ ಸರಿಯುತ್ತಿದೆ. ಇಂದು ಅಂಚಿಗೆ ನೆಟ್ಟ ಕಂಬ ಕೆಲವೇ ವರ್ಷಗಳಲ್ಲಿ ಸಮುದ್ರದಲ್ಲಿರುತ್ತದೆ.

ಚಾಮುಂಡಿ ಬೆಟ್ಟದ ಗ್ರಾನೈಟ್ ನೋಡಿ ಬೆಳೆದ ಕಣ್ಣಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ನಮಗೆ ಬಂಡೆ ಎಂದರೆ ಅಲುಗದ್ದು. ಆದರೆ ಸೆವೆನ್ ಸಿಸ್ಟರ್ಸ್ ಮೆದು ಸುಣ್ಣದ ಕಲ್ಲು. ಸುಮಾರು 8-9 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಸೂಕ್ಷ್ಮ ಪಾಚಿಗಳ ಕವಚಗಳು ಪದರ ಪದರವಾಗಿ ಕೂತು ಆದದ್ದು. ಅಲೆ ಅದರ ಬುಡ ಕೊರೆಯುತ್ತದೆ, ಮಳೆನೀರು ಮೇಲಿನ ಬಿರುಕುಗಳಿಗೆ ಇಳಿಯುತ್ತದೆ. ಸರಾಸರಿ ಲೆಕ್ಕ ಏನೇ ಇರಲಿ, ಅಂಚು ದಿನಕ್ಕಿಷ್ಟು ಎಂದು ಸವೆಯುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಗೇ ದೊಡ್ಡ ಹೋಳಾಗಿ ಕಳಚುತ್ತದೆ. ಪಕ್ಕದ ಬೀಚಿ ಹೆಡ್‌ನಲ್ಲಿ 1999ರಲ್ಲಿ ಹಾಗೆ ಭಾರೀ ಕುಸಿತವಾಗಿತ್ತು. ಹುಲ್ಲಿನ ಮೇಲೆ ನಿಂತವರಿಗೆ ಕಾಲಡಿ ಬುಡ ಇದೆಯೋ ಟೊಳ್ಳೋ ಕಾಣುವುದೇ ಇಲ್ಲ. "ನಮ್ಮ ಮುಂದೆ ಹತ್ತು ಜನ ನಿಂತಿದ್ರು" ಎಂಬ ಮಾತಿನಿಂದ ಹನ್ನೊಂದನೆಯವರ ಬಗ್ಗೆ ಏನೂ ತಿಳಿಯುವುದಿಲ್ಲ.

ಬಂಡೆ ಕುಸಿಯಲೇಬೇಕೆಂದೂ ಇಲ್ಲ. 2017ರಲ್ಲಿ ಇಲ್ಲೇ, ಇಂಗ್ಲಿಷ್ ಕಲಿಯಲು ಬಂದಿದ್ದ ದಕ್ಷಿಣ ಕೊರಿಯಾದ ಯುವತಿಯೊಬ್ಬಳು ಫೋಟೋಗಾಗಿ ಅಂಚಿನ ಬಳಿ ಜಿಗಿದು, ಆಯತಪ್ಪಿ ಬಿದ್ದು ತೀರಿಕೊಂಡಳು.

ಕೆಳಗಿನ ದಡದಲ್ಲಿ ನಡೆದರೆ ಸುರಕ್ಷಿತವೇ? ಅಲ್ಲಿ ಮೇಲಿನಿಂದ ಕಲ್ಲು ಬೀಳುವ ಭಯದ ಜೊತೆಗೆ ಉಬ್ಬರದ ಭಯವೂ ಇದೆ. ಕಬಿನಿಯಿಂದ ನೀರು ಬಿಟ್ಟಾಗ ಕಪಿಲೆ ಏರಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವುದನ್ನು ಕಂಡವರಿಗೆ ನೀರು ಏರುವ ಪರಿ ಗೊತ್ತು. ಆದರೆ ಅದು ಮಳೆಗಾಲದ ಮಾತು. ಅಲ್ಲಿನ ಸಮುದ್ರ ದಿನಕ್ಕೆರಡು ಸಲ ಏರುತ್ತದೆ. ಉಬ್ಬರ ಬರುವುದು ಹುಣ್ಣಿಮೆಗೆ ಮಾತ್ರ ಎಂಬ ನಂಬಿಕೆ ಸರಿಯಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಹೆಚ್ಚು, ಅಷ್ಟೆ. ಬಂಡೆಗೂ ನೀರಿಗೂ ನಡುವೆ ಸಿಕ್ಕಿಕೊಂಡರೆ ಹತ್ತಲು ದಾರಿ ಇರುವುದಿಲ್ಲ. ಉಬ್ಬರದ ಸಮಯಪಟ್ಟಿ ಫೋನಿನಲ್ಲೇ ಸಿಗುತ್ತದೆ. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು.

ಹಾಗೆಂದು "ಹೋಗಲೇಬೇಡ" ಎನ್ನುವುದು ನಮಗೆ ಸರಿಕಾಣದು. ಅದು ನಿಜಕ್ಕೂ ಚಂದದ ದಾರಿ. ಸೀಫರ್ಡ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 20 ಕಿ.ಮೀ. ಏರಿಳಿತ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಅಂಚಿನಿಂದ ಕನಿಷ್ಠ 5 ಮೀಟರ್ ದೂರ ಇರಬೇಕು, ಗಾಳಿ ಜೋರಿದ್ದರೆ ಇನ್ನೂ ಒಳಗೆ. ಬಿಳಿ ಬಂಡೆ ಪೂರ್ತಿ ಕಾಣುವ ಫೋಟೋ ಬೇಕಿದ್ದರೆ ಅದು ಸಿಗುವುದು ಅಂಚಿನಲ್ಲಲ್ಲ, ಕಣಿವೆಯಾಚೆಯ ಸೀಫರ್ಡ್ ಹೆಡ್ ಕಡೆಯಿಂದ. ಯಾರಾದರೂ ಸಿಕ್ಕಿಕೊಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು.